ಮೊದಲ ಟ್ರ್ಯಾಕ್ ಡೇಗೆ ಪ್ಯಾಡ್, ಟೈರ್ ಬಿಡಿ, ಬ್ರೇಕ್ ಆಯಿಲ್ ಬದಲಿಸಿದ್ದೀರಾ?

ಗದಗದಿಂದ ಸ್ವಿಫ್ಟ್ ತಗೊಂಡು ಮೊದಲ ಸಲ ಚೆನ್ನೈನ ಟ್ರ್ಯಾಕ್ ಡೇಗೆ, ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ ಹೊರಟಿದ್ದೀರಿ, ಕೈಯಲ್ಲಿ ನಲವತ್ತು ಸಾವಿರ ಇದೆ, ರೇಸಿನ ಬ್ರೇಕ್ ಪ್ಯಾಡ್ ಹಾಕಿಸಲೋ, ಸೆಮಿ ಸ್ಲಿಕ್ (ಗೆರೆ ಕಡಿಮೆ ಇರುವ, ಟ್ರ್ಯಾಕಿನ) ಟೈರ್ ಹಾಕಿಸಲೋ, ಸ್ಪ್ರಿಂಗ್ ಬದಲಿಸಿ ಗಾಡಿ ತಗ್ಗಿಸಲೋ ಎಂದು ಕೇಳಿದ್ದೀರಿ. ಓದಿ ಎದೆ ಝಲ್ ಅಂತು. ನಾನು ಹುಬ್ಬಳ್ಳಿಯವನು, ನನ್ನದೂ ಸ್ವಿಫ್ಟ್, ಇದೇ ಲೆಕ್ಕ ಹಾಕಿಕೊಂಡು ಇದೇ ಟ್ರ್ಯಾಕಿಗೆ ಹೋದವನು.

ಆರು ತಿಂಗಳು ದುಡ್ಡು ಕೂಡಿಸಿ ಮುಂದಿನ ಚಕ್ರಗಳಿಗೆ ದುಬಾರಿ ಪ್ಯಾಡ್ ತರಿಸಿದ್ದೆ. ನಾಲ್ಕೂ ಟೈರ್ ಹೊಸದು. ಹೊರಡುವ ಹಿಂದಿನ ಸಂಜೆ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಪ್ಯಾಡ್ ಕೂರಿಸುತ್ತಿದ್ದ ಮಿಸ್ತ್ರಿ ಬಾನೆಟ್ ಒಳಗೆ ಬಗ್ಗಿ ನೋಡಿ, “ಆಯಿಲ್ ಚಹಾದಂಗ ಆಗೇತ್ರೀ. ಪೂರಾ ತಗದು ಹೊಸಾದು ಹಾಕೂಣು, ಒಂದ್ ತಾಸಿನ ಕೆಲಸ” ಅಂದರು. ಮೊದಲು ಲಾರಿ ಕೆಲಸ ಮಾಡಿದವರು ಅವರು. “ಅರಬೈಲ್ ಘಟ್ಟ ಇಳಿಯೂ ಗಾಡಿ ಆಗಿದ್ರ ನಾ ಹಿಂಗ ಬಿಡ್ತಿರಲಿಲ್ಲ” ಅಂತಲೂ ಹೇಳಿದರು. ನನಗೆ ನಸುಕಿನಲ್ಲಿ ಹೊರಡುವ ಅವಸರ. ಬ್ರೇಕ್ ಆಯಿಲಿನ ಡಬ್ಬಿ ನೋಡಿದೆ, ಆಯಿಲ್ ಮೇಲಿನ ಗೆರೆಯ ತನಕ ಇತ್ತು. “ಲೆವೆಲ್ ಬರೋಬರಿ ಐತಲ್ರೀ, ಬಂದ ಮ್ಯಾಲೆ ನೋಡೂಣು” ಅಂದೆ. ನನಗೆ ಮುಳುವಾದದ್ದು ಆ ಒಂದು ಮಾತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವುದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲಿದ್ದರೆ ಚುರಮರಿ ಮೆತ್ತಗಾಗುವುದಿಲ್ಲವೇ, ಹಾಗೆ. ರಬ್ಬರ್ ಪೈಪಿನ ಮೂಲಕವೂ ತೇವ ಒಳಗೆ ಸೇರುತ್ತದೆ. ನನ್ನ ಆಯಿಲ್ ಮೂರು ಮಳೆಗಾಲ ಕಂಡಿತ್ತು. ಬ್ರೇಕ್ ಆಯಿಲಿಗೆ ಡಾಟ್ 3, ಡಾಟ್ 4 ಎಂದು ದರ್ಜೆಗಳಿವೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ನೂರಕ್ಕೆ 3.7 ಭಾಗ ನೀರು ಸೇರಿದ ಮೇಲೆ ಅದೇ ಆಯಿಲಿಗೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಡಾಟ್ 3 ಆದರೆ 205 ಮತ್ತು 140. ಲೆವೆಲ್ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಅದರಲ್ಲೂ ಹೊಸ ದಪ್ಪ ಪ್ಯಾಡ್ ಹಾಕುವಾಗ ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳುತ್ತಾರಲ್ಲ, ಆಗ ಹಳೆಯ ಆಯಿಲೇ ಮೇಲಕ್ಕೆ ಬಂದು ಡಬ್ಬಿ ತುಂಬಿದಂತೆ ಕಾಣುತ್ತದೆ. ನಾನು ಕಂಡು ಸಮಾಧಾನಪಟ್ಟದ್ದು ಅದನ್ನೇ.

ಊರಲ್ಲಿ ಓಡಿಸುವಾಗ ಆಯಿಲ್ ಅಷ್ಟು ಕಾಯುವುದೇ ಇಲ್ಲ, ಹಾಗಾಗಿ ವರ್ಷಗಟ್ಟಲೆ ಏನೂ ತಿಳಿಯುವುದಿಲ್ಲ. ಟ್ರ್ಯಾಕಿನಲ್ಲಿ ಬೇರೆ. ಗಂಟೆಗೆ 120ರಿಂದ 60ಕ್ಕೆ ಇಳಿಸಿದರೆ ವೇಗ ಅರ್ಧವಾಯಿತು, ಆದರೆ ಗಾಡಿಯ ಶಕ್ತಿಯ ಮುಕ್ಕಾಲು ಪಾಲು ಕರಗಿತು. ಅದರ ಬಹುಭಾಗ ಬಿಸಿಯಾಗಿ ಮುಂದಿನ ಎರಡು ಡಿಸ್ಕಿಗೇ ಹೋಗುತ್ತದೆ. ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಹಿಡಿದಿರುವ ಕ್ಯಾಲಿಪರಿಗೆ, ಅಲ್ಲಿಂದ ಆಯಿಲಿಗೆ. ಲೋಹದ ಅಂಶ ಹೆಚ್ಚಿರುವ ಪ್ಯಾಡು ಬಿಸಿಯನ್ನು ಇನ್ನೂ ಬೇಗ ದಾಟಿಸುತ್ತದೆ. ಅಂದರೆ ನನ್ನ ದುಬಾರಿ ಪ್ಯಾಡು ಹಳೆಯ ಆಯಿಲನ್ನು ಬೇಗ ಕಾಯಿಸಿತು, ಮೇಲಾಗಿ ಅದರ ಮೇಲೆ ಭರವಸೆ ಇಟ್ಟು ನಾನು ಬ್ರೇಕನ್ನು ತಡವಾಗಿ, ಜೋರಾಗಿ ಒತ್ತುತ್ತಿದ್ದೆ.

ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈನ ಆ ಟ್ರ್ಯಾಕು ಸುಮಾರು 3.7 ಕಿ.ಮೀ., 12 ತಿರುವು. ಮೊದಲ ಸೆಷನ್, ಅಂದರೆ ಟ್ರ್ಯಾಕಿಗೆ ಬಿಡುವ ಮೊದಲ ಸರದಿ, ಚೆನ್ನಾಗಿ ಹೋಯಿತು. ಎರಡನೆಯದರ ಕೊನೆಗೆ ಪೆಡಲ್ ಉದ್ದವಾಗತೊಡಗಿತು. ಎರಡು ಸಲ ಒತ್ತಿದರೆ ಹಿಡಿಯುತ್ತಿತ್ತು. ಒಳಗೆ ಬಂದು ಅರ್ಧ ತಾಸು ನಿಲ್ಲಿಸಿದೆ. ಮತ್ತೆ ಕೂತು ಒತ್ತಿ ನೋಡಿದರೆ ಪೆಡಲ್ ಗಟ್ಟಿ! ಸರಿಹೋಯಿತು ಅಂದುಕೊಂಡೆ. ಸರಿಹೋಗಿರಲಿಲ್ಲ. ಕುದ್ದು ಆವಿಯಾಗಿದ್ದದ್ದು ತಣ್ಣಗಾಗಿ ಮತ್ತೆ ದ್ರವವಾಗಿತ್ತು, ಅಷ್ಟೇ. ಮೂರನೆಯ ಸೆಷನ್ನಿನ ನಾಲ್ಕನೇ ಸುತ್ತಿನಲ್ಲಿ ಒಂದು ತಿರುವಿಗೆ ಮುಂಚೆ ಕಾಲಿಟ್ಟೆ, ಪೆಡಲ್ ಸೀದಾ ನೆಲಕ್ಕೆ ಹೋಯಿತು. ದ್ರವವನ್ನು ಒತ್ತಿದರೆ ಒತ್ತಡ ಪಿಸ್ಟನ್ನಿಗೆ ಮುಟ್ಟುತ್ತದೆ, ಆವಿ ಸುಮ್ಮನೆ ಕುಗ್ಗುತ್ತದೆ. ಗೇರ್ ಇಳಿಸಿ, ಸ್ಟಿಯರಿಂಗ್ ನೆಟ್ಟಗೆ ಹಿಡಿದು ಟ್ರ್ಯಾಕಿನ ಆಚೆ ಮಣ್ಣಿಗೆ ಹೋದೆ. ಕಾರು ಅಡ್ಡ ತಿರುಗಿ ನಿಂತಿತು. ಮೈಗೆ ಏನೂ ಆಗಲಿಲ್ಲ. ಮುಂದಿನ ಬಂಪರ್, ಒಂದು ರಿಮ್, ಲೋಯರ್ ಆರ್ಮ್ ಹೋದವು. ವಿಮೆಯವರು ಕೊಡಲಿಲ್ಲ. ಖಾಸಗಿ ಕಾರಿನ ಪಾಲಿಸಿಯಲ್ಲಿ ರೇಸು, ವೇಗ ಪರೀಕ್ಷೆಗಳನ್ನು ಹೊರಗಿಟ್ಟಿರುತ್ತಾರೆ, ನಿಮ್ಮದನ್ನೂ ತೆಗೆದು ಓದಿಕೊಳ್ಳಿ. ಆದರೆ ಕಾಲ ಕೆಳಗೆ ಏನೂ ಇಲ್ಲದಂತಾದ ಆ ಕ್ಷಣದ ಮುಂದೆ ದುಡ್ಡು ದೊಡ್ಡದಲ್ಲ. ಮನೆಯಲ್ಲಿ ಅವ್ವನಿಗೆ ಪೂರ್ತಿ ಹೇಳಲು ಎರಡು ತಿಂಗಳು ಬೇಕಾಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲ ಸಲಕ್ಕೆ ಏನನ್ನೂ ಆರಿಸಬೇಕಾಗಿಲ್ಲ. ಸೀಲ್ ಒಡೆಯದ ಬಾಟಲಿಯ ಡಾಟ್ 4 ತಂದು, ನಾಲ್ಕೂ ಚಕ್ರದಿಂದ ಹಳೆಯದು ಪೂರ್ತಿ ಹೊರಬರುವ ತನಕ ಹರಿಸಿ ತೆಗೆಸಿ, ಇದಕ್ಕೇ ಬ್ಲೀಡ್ ಮಾಡುವುದು ಅನ್ನುತ್ತಾರೆ. ಇನ್ನೂ ಹೆಚ್ಚು ಬಿಸಿ ತಡೆಯುವುದು ಬೇಕಾದರೆ ಡಾಟ್ 5.1 ಹಾಕಿಸಬಹುದು, ಅದರದು 260 ಡಿಗ್ರಿ. ಸಂಖ್ಯೆ ದೊಡ್ಡದು ಅಂತ ಬರೀ “5” ಎಂದಿರುವುದನ್ನು ತರಬೇಡಿ. ಅದು ಸಿಲಿಕೋನ್, ನಿಮ್ಮ ಗಾಡಿಯದರ ಜೊತೆ ಬೆರೆಯುವುದಿಲ್ಲ. ಬಣ್ಣದ ಮೇಲೆ ಆಯಿಲ್ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಪೇಂಟ್ ಎದ್ದುಬಿಡುತ್ತದೆ.

ಪ್ಯಾಡ್ ಸವೆದಿದ್ದರೆ ಕಂಪನಿಯದೇ ಹೊಸದು ಹಾಕಿಸಿ. ಪೂರ್ತಿ ರೇಸಿನ ಪ್ಯಾಡು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ಹಾಕಿಕೊಂಡು ನಸುಕಿನಲ್ಲಿ ಹಾವೇರಿ ದಾಟಿ ಟೋಲಿನ ಮುಂದೆ ಮೊದಲ ಬ್ರೇಕ್ ಒತ್ತಿದಾಗ ನಿಮಗೇ ಗೊತ್ತಾಗುತ್ತದೆ. ಹೋಗಿ ಬರುವ ಹೆದ್ದಾರಿಯೇ ಸಾವಿರದ ನಾನೂರು ಕಿ.ಮೀ. ಆಗುತ್ತದೆ, ಟ್ರ್ಯಾಕಿನಲ್ಲಿ ಓಡಿಸುವುದು ನೂರೋ ನೂರೈವತ್ತೋ. ಹೊಸ ಪ್ಯಾಡನ್ನು ಹೊರಡುವ ಮುಂಚೆ ಖಾಲಿ ರಸ್ತೆಯಲ್ಲಿ ಎಂಟು ಹತ್ತು ಸಲ, 70ರಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ ಒತ್ತಿ, ಆಮೇಲೆ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಪೆಡಲ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಸೋತಿದೆ. ಪೆಡಲ್ಲೇ ಮೆತ್ತಗಾದರೆ ಆಯಿಲ್ ಕುದ್ದಿದೆ, ಆವತ್ತಿನ ಓಟ ಅಲ್ಲಿಗೇ ಮುಗಿಸಿ.

ಸೆಮಿ ಸ್ಲಿಕ್ ಖಂಡಿತ ಬೇಡ. ಸಾಮಾನ್ಯ ಟೈರು ಹಿಡಿತ ಬಿಡುವ ಮುಂಚೆ ಕಿರುಚಿ ಹೇಳುತ್ತದೆ, ಕಲಿಯುವವರಿಗೆ ಅದೇ ಮೇಷ್ಟ್ರು. ಬದಿಯ ನಾಲ್ಕಂಕಿ ನೋಡಿ. 2319 ಎಂದರೆ 2019ರ 23ನೇ ವಾರದ್ದು. ಅಷ್ಟು ಹಳೆಯದಾದರೆ ನಿಮ್ಮ ದುಡ್ಡು ಒಳ್ಳೆಯ ರಸ್ತೆ ಟೈರಿಗೇ ಹೋಗಲಿ. ಸೆಷನ್ನಿನಲ್ಲಿ ಗಾಳಿ 4ರಿಂದ 6 ಪಿಎಸ್‌ಐ ಏರುತ್ತದೆ, ಒಳಗೆ ಬಂದ ತಕ್ಷಣ ಅಳೆದು ಹೆಚ್ಚಿನದನ್ನು ಇಳಿಸಿ. ಟೈರಿನ ಅಂಚಿನಲ್ಲಿ ಖಡುವಿನಿಂದ (ಸೀಮೆಸುಣ್ಣದಿಂದ) ಗೆರೆ ಎಳೆದಿಟ್ಟರೆ ಎಲ್ಲಿಯ ತನಕ ಉಜ್ಜಿದೆ ಅಂತ ಕಾಣುತ್ತದೆ. ವಾಪಸ್ ಹೊರಡುವ ಮುಂಚೆ ಗಾಳಿ ಮತ್ತೆ ತುಂಬಿಸಿಕೊಳ್ಳಿ.

ಗಾಡಿ ತಗ್ಗಿಸುವ ವಿಚಾರ ಈಗ ಬೇಡವೇ ಬೇಡ. ಅಲೈನ್‌ಮೆಂಟ್ ಮಾಡಿಸಿ, ಹರಿದ ರಬ್ಬರ್ ಬುಷ್ ಇದ್ದರೆ ಬದಲಿಸಿ, ಒಳಗಿನ ಮ್ಯಾಟು, ನೀರಿನ ಬಾಟಲಿ ಹೊರಗೆ ತೆಗೆದಿಡಿ. ಪ್ರತಿ ಸೆಷನ್ ಆದ ಮೇಲೆ ಚಕ್ರದ ನಟ್ಟುಗಳ ಬಿಗಿ ನೋಡಿ. ಕೊನೆಯ ಸುತ್ತು ನಿಧಾನ ಓಡಿಸಿ ಬನ್ನಿ, ನಿಂತ ಮೇಲೆ ಬ್ರೇಕ್ ಮೇಲೆ ಕಾಲಿಡಬೇಡಿ, ಹ್ಯಾಂಡ್‌ಬ್ರೇಕೂ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಇವತ್ತೇ ಬಾನೆಟ್ ಎತ್ತಿ ಆಯಿಲಿನ ಬಣ್ಣ ನೋಡಿ, ಕಡೆಯ ಸಲ ಯಾವಾಗ ಬದಲಿಸಿದ್ದು ಅಂತ ಸರ್ವೀಸ್ ಪುಸ್ತಕ ತೆಗೆದು ನೋಡಿ, ಇಲ್ಲಿ ಬರೆಯಿರಿ. ಬ್ಲೀಡ್ ಮಾಡಲು ಇಬ್ಬರು ಬೇಕು, ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಚಕ್ರದ ಹತ್ತಿರ ಆಯಿಲ್ ಹೊರಬಿಡುವ ನಿಪ್ಪಲ್ ಬಿಚ್ಚಬೇಕು. ಗದಗದಲ್ಲಿ ಜೊತೆಗೆ ಯಾರೂ ಸಿಗದಿದ್ದರೆ ಹೇಳಿ, ರವಿವಾರ ನನಗೆ ಬಿಡುವು, ಪಾನಾ ತಗೊಂಡು ನಾನೇ ಬರುತ್ತೇನೆ.