ಯೂನಿಯನ್ ರಿಜಿಸ್ಟ್ರೇಷನ್ ತೋರಿಸಿದರೆ ಅವರ ಜನರನ್ನೇ ಕೆಲಸಕ್ಕೆ ತೆಗೆದುಕೊಳ್ಳಬೇಕಾ?

ಪುತ್ತೂರಿನ ಕಂಟ್ರಾಕ್ಟರ್ ನೀವು. ಗಡಿಯಾಚೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ ಅಂಗಡಿ ಕಟ್ಟಡ ಎತ್ತುತ್ತಿದ್ದೀರಿ. ಯೂನಿಯನ್‌ನವರು ರಿಜಿಸ್ಟ್ರೇಷನ್ ಪತ್ರ ಹಿಡಿದು ಬಂದು "ಇಲ್ಲಿ ನಮ್ಮ ಜನವೇ ಕೆಲಸಕ್ಕೆ" ಅಂದಿದ್ದಾರೆ. ಮಾಲೀಕನಿಗೆ ಹಕ್ಕೇ ಇಲ್ವಾ ಅಂತ ನಿಮ್ಮ ಪ್ರಶ್ನೆ.

ಇದೆ. ನಾನು ವಕೀಲನಲ್ಲ, ಬದಿಯಡ್ಕ ಕಡೆ ಇಪ್ಪತ್ತು ವರ್ಷದಿಂದ ಸಣ್ಣಪುಟ್ಟ ಕೆಲಸ ಹಿಡಿಯುವವನು. ರಿಜಿಸ್ಟ್ರೇಷನ್ ಬೇರೆ, ಮಾನ್ಯತೆ ಬೇರೆ ಅನ್ನೋದು ನನಗೆ ಗೊತ್ತಾಗಿದ್ದೇ ತಡವಾಗಿ. 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲಿ ಏಳು ಜನ ಸೇರಿ ಅರ್ಜಿ ಹಾಕಬಹುದಿತ್ತು. 2001ರ ತಿದ್ದುಪಡಿ ಬಂದ ಮೇಲೆ ಕೆಲಸಗಾರರಲ್ಲಿ ನೂರಕ್ಕೆ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕು. ಅಷ್ಟಾದರೆ ಸಂಘಕ್ಕೆ ಹೆಸರು, ನಂಬರ್ ಸಿಕ್ಕಿತು. ನಿಮ್ಮ ಸೈಟ್ ಸಿಗಲಿಲ್ಲ. ಕೂಲಿ ಮಾತಾಡಲು ನಿಮ್ಮೆದುರು ಒಬ್ಬರೇ ಕೂರುವ ಯೂನಿಯನ್ ಆಗಬೇಕಾದರೆ, 2020ರ ಇಂಡಸ್ಟ್ರಿಯಲ್ ರಿಲೇಷನ್ಸ್ ಕೋಡ್ ಪ್ರಕಾರ, ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವಲ್ಲಿ, ನಿಮ್ಮದೇ ಮಸ್ಟರ್ ರೋಲ್‌ನಲ್ಲಿ (ಕೆಲಸಗಾರರ ಹಾಜರಿ ಪಟ್ಟಿಯಲ್ಲಿ) ಇರುವವರಲ್ಲಿ ನೂರಕ್ಕೆ 51 ಜನರ ಬೆಂಬಲ ಬೇಕು. ಗೇಟಿನ ಹೊರಗೆ ನಿಂತವರು ಆ ಲೆಕ್ಕಕ್ಕೆ ಬರುವುದಿಲ್ಲ.

ಲೋಡಿಂಗ್ ವಿಷಯ ಮಾತ್ರ ಸ್ವಲ್ಪ ಜಟಿಲ. ಒಮ್ಮೆ ನನ್ನ ಸೈಟಿಗೆ ಮುರಕಲ್ಲಿನ ಲಾರಿ ಬಂತು. ನಮ್ಮ ಹುಡುಗರು ಅರ್ಧ ಇಳಿಸಿದ್ದರು. ನಾಲ್ಕು ಜನ ಬಂದು ಕೈಕಟ್ಟಿ ನಿಂತರು. ಉಟ್ಟ ಬಿಳಿ ಪಂಚೆಗೆ ಒಂದು ಚೂರು ಕೆಂಪು ಧೂಳು ತಾಗಲಿಲ್ಲ. ಕೇಳಿದ್ದು ಮಾತ್ರ ಪೂರ್ತಿ ಲೋಡಿನ ಕೂಲಿ! ಮೋಡ ಕಟ್ಟಿತ್ತು, ಸಿಮೆಂಟ್ ಹೊರಗಿತ್ತು. ಸುಮ್ನೆ ಕೊಟ್ಟುಬಿಟ್ಟೆ. ಇದೇ ನೋಕ್ಕುಕೂಲಿ, ನೋಡಿದ್ದಕ್ಕೆ ಕೂಲಿ. ಕೇರಳ ಸರಕಾರ 2018ರ ಮೇ 1ರಿಂದ ಇದನ್ನು ನಿಷೇಧಿಸಿದೆ. 2021ರಲ್ಲಿ ಹೈಕೋರ್ಟ್ ಇದನ್ನು ಸುಲಿಗೆ ಅಂತಲೇ ನೋಡಿತು. ಈಗಾದರೆ ನಾನು ಕೊಡದೆ ಪೊಲೀಸರಿಗೆ ಫೋನ್ ಮಾಡುತ್ತಿದ್ದೆ.

ಆದರೆ ನಿಮ್ಮದು ಅಂಗಡಿ ಕಟ್ಟಡ. ಸ್ವಂತ ಮನೆಯ ಸಾಮಾನಾದರೆ ಮನೆಯವನು ಯಾರಿಂದ ಬೇಕಾದರೂ ಇಳಿಸಬಹುದು. ಕೇರಳದ 1978ರ ಹೆಡ್‌ಲೋಡ್ (ಲೋಡ್ ಹೊರುವ ಕಾರ್ಮಿಕರ) ಕಾಯ್ದೆ ಮನೆಕೆಲಸಕ್ಕೆ ಕರೆದವರನ್ನು ಹೊರಗಿಟ್ಟಿದೆ. ವ್ಯಾಪಾರದ ಜಾಗದಲ್ಲಿ ಹಾಗಲ್ಲ, 26ಎ ಕಾರ್ಡ್, ಅಂದರೆ ಆ ಕಾಯ್ದೆಯ ನಿಯಮ 26ಎ ಪ್ರಕಾರ ಲೋಡಿಂಗ್ ಕೆಲಸಗಾರನಿಗೆ ಕೊಡುವ ನೋಂದಣಿ ಕಾರ್ಡ್, ಕೇಳುತ್ತಾರೆ. ನಿಮ್ಮ ಖಾಯಂ ಹುಡುಗರಿಗೆ ಆ ಕಾರ್ಡ್ ಮಾಡಿಸಲು ಅಸಿಸ್ಟೆಂಟ್ ಲೇಬರ್ ಆಫೀಸರಿಗೆ ಈಗಲೇ ಅರ್ಜಿ ಕೊಡಿ. ಹೆಡ್‌ಲೋಡ್ ಕಾರ್ಮಿಕರ ಕ್ಷೇಮನಿಧಿ ಬೋರ್ಡಿನ ಸ್ಕೀಮ್ ಇರುವ ಜಾಗವೋ ಅಲ್ಲವೋ ಅಂತಲೂ ಅಲ್ಲೇ ಕೇಳಿ. ಇದ್ದರೆ ಬೋರ್ಡಿನ ಜನರ ವಿಷಯ ಬೇರೆ.

ಇನ್ನೊಂದು. ನಿಮ್ಮ ಪುತ್ತೂರಿನ ಹುಡುಗರೇ ನಾಳೆ ಅದೇ ಯೂನಿಯನ್ ಸೇರಬಹುದು. ಸೇರಿದ್ದಕ್ಕೆ ಕೆಲಸದಿಂದ ತೆಗೆದರೆ ತಪ್ಪು ನಿಮ್ಮದಾಗುತ್ತದೆ. ಈ ಮಾತು ನಮ್ಮ ಕಂಟ್ರಾಕ್ಟರುಗಳಿಗೆ ಜಾಸ್ತಿ ಇಷ್ಟ ಆಗಲ್ಲ.

ಅರ್ಜಿ ಕನ್ನಡದಲ್ಲೇ ಬರೆಯಿರಿ, ಇಲ್ಲಿಯ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕಿದೆ. "ಮಲಯಾಳಂನಲ್ಲಿ ತನ್ನಿ" ಅಂದರೂ ವಾಪಸ್ ಬರಬೇಡಿ. ನಕಲಿನ ಮೇಲೆ ಸೀಲ್ ಹಾಕಿಸಿಕೊಂಡೇ ಬನ್ನಿ.