ಗ್ರಿಲ್‌ನಲ್ಲಿಟ್ಟ ಗಿಡ ಕೊಳೆತದ್ದು ಏಕೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಕೊಳೆತ ಸಕ್ಯುಲೆಂಟ್‌ಗಳ (ಎಲೆ, ಕಾಂಡದಲ್ಲಿ ನೀರು ಕೂಡಿಡುವ ಗಿಡಗಳ) ವಿಷಯವೇ. ಹಾಗಾಗಿ ಮೊದಲ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಅಕ್ಕಾ, ಮೇ ತಿಂಗಳಲ್ಲಿ ನಾಲ್ಕು ಎಚೆವೇರಿಯಾ ತಂದು ಕಿಟಕಿ ಗ್ರಿಲ್‌ನಲ್ಲಿಟ್ಟೆ. ಮೇಲೆ ಶೀಟು ಇದೆ, ಮಳೆ ನೇರ ಬೀಳುವುದಿಲ್ಲ. ವಾರಕ್ಕೊಮ್ಮೆ ಮಾತ್ರ ನೀರು ಹಾಕುತ್ತಿದ್ದೆ. ಜುಲೈನಲ್ಲಿ ಕೆಳಗಿನ ಎಲೆಗಳು ಗಾಜಿನ ಹಾಗಾಗಿ, ಮುಟ್ಟಿದರೆ ಉದುರತೊಡಗಿದವು. ಮೂರು ಹೋದವು. ನಾಲ್ಕನೆಯದು ಉಳಿಯುತ್ತದಾ?
– ಓದುಗಿ, ಮುಲುಂಡ್, ಮುಂಬೈ

ಉಳಿಯಬಹುದು, ಆದರೆ ಇವತ್ತೇ ಕುಂಡದಿಂದ ತೆಗೆಯಿರಿ. ಮೆತ್ತಗಾದ ಎಲೆಗಳನ್ನೆಲ್ಲ ಕಿತ್ತು ಕಾಂಡ ನೋಡಿ. ಕಂದು ಭಾಗವನ್ನು ಸ್ವಚ್ಛವಾದ ಚಾಕುವಿನಿಂದ ಸ್ವಲ್ಪ ಸ್ವಲ್ಪವೇ ಕೊಯ್ಯುತ್ತಾ ಹೋಗಿ, ಕೊಯ್ದ ಜಾಗ ಪೂರ್ತಿ ತಿಳಿ ಹಸಿರಾಗಿ ಕಾಣುವವರೆಗೆ. ಒಂದು ಕಂದು ಚುಕ್ಕೆ ಉಳಿದರೂ ಕೊಳೆ ಮತ್ತೆ ಮೇಲೇರುತ್ತದೆ, ಕನಿಕರ ತೋರಿಸಬೇಡಿ. ಉಳಿದ ತಲೆಯನ್ನು ಮಣ್ಣಿಗೆ ಹಾಕದೆ, ಫ್ಯಾನ್ ಗಾಳಿ ತಗಲುವ ಕಡೆ ಒಂದು ವಾರ ಸುಮ್ನೆ ಇಡಿ. ಗಾಯ ಒಣಗಿ ಗಟ್ಟಿಯಾದ ಮೇಲೆ ಒಣ ಮಣ್ಣಿನ ಮಿಶ್ರಣದ ಮೇಲೆ (ಪಾಲು ಕೆಳಗೆ ಹೇಳಿದ್ದೇನೆ) ಕೂರಿಸಿ. ಬೇರು ಬಿಡುವವರೆಗೆ ನೀರು ಬೇಡ. ಗಟ್ಟಿಯಾಗಿರುವ ಒಂದೆರಡು ಎಲೆಗಳನ್ನು ಬುಡಸಮೇತ ಬಿಡಿಸಿ ಪಕ್ಕದಲ್ಲೇ ಹರಡಿಡಿ. ಊರಲ್ಲಿ ಕಾಡುಬಸಳೆಯ ಎಲೆಯಂಚಿನಲ್ಲಿ ಮರಿಗಳು ಮೂಡುವುದನ್ನು ನೋಡಿರುತ್ತೀರಿ ಅಲ್ವಾ? ಎಚೆವೇರಿಯಾದಲ್ಲಿ ಎಲೆಯ ಬುಡದಲ್ಲಿ ಮೂಡುತ್ತವೆ. ತಲೆ ಹೋದರೂ ಮರಿ ಉಳಿಯುತ್ತದೆ.

ಇನ್ನು, ಮಳೆ ತಾಗದೆಯೂ ಕೊಳೆತದ್ದು ಹೇಗೆ? ಕಾಡುಬಸಳೆಯಿಂದಲೇ ಹೇಳುತ್ತೇನೆ. ಒಂದು ಕಾಲದಲ್ಲಿ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯಶಾಸ್ತ್ರಜ್ಞರು 1810ರ ದಶಕದಲ್ಲಿ ಒಂದು ವಿಚಿತ್ರ ಸಂಗತಿ ಬರೆದಿಟ್ಟರು. ಈ ಗಿಡದ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ರುಚಿಯೇ ಇಲ್ಲ! ಕಾರಣ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಬೇರೆ ಗಿಡಗಳು ಹಗಲು ತೆರೆಯುವ ಎಲೆಯ ಸಣ್ಣ ರಂಧ್ರಗಳನ್ನು ಇವು ರಾತ್ರಿ ತೆರೆಯುತ್ತವೆ. ಆಗ ಗಾಳಿಯಿಂದ ಹೀರಿದ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತವೆ. ಎಚೆವೇರಿಯಾ, ಜೇಡ್, ಪಾಪಾಸುಕಳ್ಳಿ ಎಲ್ಲದರದ್ದೂ ಇದೇ ಪದ್ಧತಿ. ಮರುಭೂಮಿಯಲ್ಲಿ ರಾತ್ರಿ ತಂಪಾಗಿರುವುದರಿಂದ ಎಲೆಯಿಂದ ನೀರು ಹೆಚ್ಚು ಆರಿಹೋಗುವುದಿಲ್ಲ, ಹಾಗಾಗಿ ಇದು ಜಾಣತನ. ಮುಂಬೈ ಜುಲೈನಲ್ಲಿ ರಾತ್ರಿಯೂ ಸೆಕೆ, ಗಾಳಿಯಲ್ಲಿ ಹಿಂಡಿದರೆ ನೀರು ಬರುವಷ್ಟು ತೇವ. ಎಲೆಯಿಂದ ನೀರು ಆರುವುದಿಲ್ಲ, ಹಾಗಾಗಿ ಬೇರು ಹೊಸ ನೀರು ಕುಡಿಯುವುದಿಲ್ಲ, ಮಣ್ಣೂ ಒಣಗುವುದಿಲ್ಲ. ಅದರ ಮೇಲೆ ನಿಮ್ಮ ವಾರದ ನೀರು.

ವಾರಕ್ಕೊಮ್ಮೆ ಎಂಬ ಲೆಕ್ಕವನ್ನೇ ಬಿಡಿ. ಕುಂಡ ಎತ್ತಿ ನೋಡಿ, ಭಾರ ಇದ್ದರೆ ನೀರು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಮನೆಯಲ್ಲಿ ಎಚೆವೇರಿಯಾಗಳಿಗೆ ತಿಂಗಳಿಗೆ ಒಂದು ಸಲ ನೀರು ಸಿಕ್ಕರೆ ಹೆಚ್ಚು, ಅದೂ ಎಲೆ ಸುಕ್ಕಾದಾಗ ಮಾತ್ರ. ಮಣ್ಣಿನ ಕುಂಡವೇ ಇರಲಿ. ನರ್ಸರಿಯಿಂದ ಬರುವ ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತೊಳೆದು ತೆಗೆದು, ಇಟ್ಟಿಗೆ ಚೂರು ಅಥವಾ ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಎರಡು ಪಾಲಿಗೆ ಮಣ್ಣು, ಗೊಬ್ಬರ ಸೇರಿ ಒಂದು ಪಾಲು ಹಾಕಿ. ಇನ್ನೊಂದು ಮಾತು. ಎಚೆವೇರಿಯಾ ಬಹುಪಾಲು ಮೆಕ್ಸಿಕೋದ ಬೆಟ್ಟಗಳ ಗಿಡ, ಮುಂಬೈಯಲ್ಲಿ ಅದಕ್ಕೆ ನಿಜಕ್ಕೂ ಕಷ್ಟ. ಖಾಲಿಯಾದ ಮೂರು ಕುಂಡಗಳಿಗೆ ಹಾವೊರ್ಥಿಯಾ, ಗ್ಯಾಸ್ಟೇರಿಯಾ ಎಂಬ ಸಕ್ಯುಲೆಂಟ್ ತನ್ನಿ. ನೇರ ಬಿಸಿಲಿಲ್ಲದ ಗ್ರಿಲ್‌ನಲ್ಲೂ ಚೆನ್ನಾಗಿರುತ್ತವೆ.

ಡಿಸೆಂಬರ್ ಬಂದರೆ ನನ್ನ ಅಡೀನಿಯಂ (ಮರುಭೂಮಿ ಗುಲಾಬಿ) ಎಲೆಯನ್ನೆಲ್ಲ ಉದುರಿಸಿ ಬೋಳಾಗುತ್ತದೆ. ಗೊಬ್ಬರ ಹಾಕಲೇ?
– ಓದುಗರು, ಕೋಥ್ರೂಡ್, ಪುಣೆ

ಬೇಡ. ಪುಣೆಯ ಚಳಿಗೆ ಅದು ಮಲಗಿದೆ, ಅಷ್ಟೇ. ದಪ್ಪ ಬುಡವನ್ನು ಬೆರಳಿನಿಂದ ಒತ್ತಿ ನೋಡಿ. ಗಟ್ಟಿ ಇದ್ದರೆ ಗಿಡ ಕ್ಷೇಮ. ಸ್ವಲ್ಪ ಸುಕ್ಕಾಗಿದ್ದರೂ ಚಿಂತೆಯಿಲ್ಲ, ಕೊಳೆತ ಹಣ್ಣಿನ ಹಾಗೆ ಒಳಗೆ ಹೋದರೆ ಮಾತ್ರ ಚಿಂತೆ. ಚಳಿ ಮುಗಿಯುವವರೆಗೆ ನೀರು ನಿಲ್ಲಿಸಿ, ಬಿಸಿಲಿಗಿಡಿ. ಫೆಬ್ರವರಿ ಕೊನೆಗೆ ಚಿಗುರು ಕಂಡಾಗ ಕೊಂಬೆ ಕತ್ತರಿಸಿ, ಆಮೇಲೆ ನೀರು, ಗೊಬ್ಬರ. ಕತ್ತರಿಸುವಾಗ ಬರುವ ಹಾಲು ವಿಷ. ಆಫ್ರಿಕಾದಲ್ಲಿ ಬಾಣದ ತುದಿಗೆ ಸವರುತ್ತಿದ್ದದ್ದು ಇದೇ ಜಾತಿಯ ಗಿಡದ ರಸ. ಕೈಗವಸು ಹಾಕಿ, ಮಕ್ಕಳನ್ನು ದೂರ ಇಡಿ.

ಹೂಜಿಗಿಡ ತಂದು ಆರು ತಿಂಗಳಾಯಿತು. ಇದ್ದ ಹೂಜಿಗಳು ಒಣಗಿದವು, ಹೊಸದು ಬರುತ್ತಿಲ್ಲ. ಎಲೆ ಮಾತ್ರ ಬರುತ್ತಿದೆ. ಏಸಿ ಇರುವ ಹಾಲ್‌ನಲ್ಲಿಟ್ಟು ಬೋರ್‌ವೆಲ್ ನೀರು ಹಾಕುತ್ತೇವೆ.
– ಓದುಗಿ, ಫೋಂಡಾ, ಗೋವಾ

ಹೂಜಿ, ಅಂದರೆ ಹುಳು ಹಿಡಿಯಲು ಎಲೆಯ ತುದಿಯಲ್ಲಿ ಬೆಳೆಯುವ ಚೀಲ, ಕೆಲವು ತಿಂಗಳಲ್ಲಿ ಒಣಗುವುದು ಸಹಜ. ಹೊಸದು ಬಾರದಿರುವುದಕ್ಕೆ ಕಾರಣ ನೀವೇ ಬರೆದಿದ್ದೀರಿ. ಏಸಿ ಗಾಳಿ ಒಣ, ಬೋರ್‌ವೆಲ್ ನೀರಿನಲ್ಲಿ ಲವಣ. ಇದು ಸತ್ವವೇ ಇಲ್ಲದ ಮಣ್ಣಿನಲ್ಲಿ ಬೆಳೆಯುವ ಗಿಡ, ಹುಳು ಹಿಡಿಯುವುದನ್ನು ಕಲಿತದ್ದೇ ಅದಕ್ಕಾಗಿ. ಲವಣ ಸೇರುತ್ತಾ ಹೋದರೆ ಬೇರು ಸುಡುತ್ತದೆ. ಗಿಡವನ್ನು ಹೊರಗೆ, ಬೆಳಗಿನ ಎಳೆಬಿಸಿಲು ಬೀಳುವ ಜಗಲಿಗೆ ಸಾಗಿಸಿ. ಗೋವಾದಲ್ಲಿ ಮಳೆನೀರಿಗೇನು ಕೊರತೆ? ಡ್ರಮ್ಮಿನಲ್ಲಿ ಹಿಡಿದು, ಸೊಳ್ಳೆ ಹೋಗದ ಹಾಗೆ ಬಟ್ಟೆ ಕಟ್ಟಿಡಿ, ವರ್ಷವಿಡೀ ಅದನ್ನೇ ಹಾಕಿ. ಬುಡಕ್ಕೆ ಗೊಬ್ಬರ ಬೇಡ, ಹೂಜಿಯೊಳಗೆ ಅನ್ನ, ಮಾಂಸದ ಚೂರು ಹಾಕಲೇಬೇಡಿ, ಕೊಳೆಯುತ್ತದೆ.

ನಮ್ಮ ದೇಶದ ಕಾಡಿನ ಹೂಜಿಗಿಡ ಮೇಘಾಲಯದ ಗುಡ್ಡಗಳದ್ದು, ಈಗ ಅಪಾಯದಲ್ಲಿದೆ. ಹಾಗಾಗಿ ನರ್ಸರಿಯಲ್ಲೇ ಬೆಳೆಸಿದ ಗಿಡ ಮಾತ್ರ ಕೊಳ್ಳಿ. ಹುಳು ತಿನ್ನುವ ಗಿಡ ನೋಡುವ ಆಸೆ ನಿಮಗಿದ್ದರೆ, ಮಳೆಗಾಲದಲ್ಲಿ ಗೋವಾದ ಮುರಕಲ್ಲಿನ ಬಯಲುಗಳಿಗೆ ಹೋಗಿ, ಬಗ್ಗಿ ನೋಡಿ. ಅಂಟು ಹನಿ ಹೊತ್ತ ಪುಟ್ಟ ಡ್ರೊಸೆರಾ ಕಾಣುತ್ತದೆ. ಎಷ್ಟು ಚಂದ! ಕೀಳಬೇಡಿ, ಮನೆಗೆ ತಂದರೆ ಬದುಕುವುದಿಲ್ಲ.

ಕೆಂಪು ತಲೆಯ ಕಳ್ಳಿ ತಂದಿದ್ದೇನೆ. ಕೆಳಗಿನ ಹಸಿರು ಕಾಂಡದಿಂದ ಈಗ ಬೇರೆ ಚಿಗುರು ಬರುತ್ತಿದೆ. ಬಿಡಬಹುದಾ?
– ಓದುಗರು, ಡೊಂಬಿವಲಿ

ಚಿಗುರು ಚಿವುಟಿ ಹಾಕಿ. ನಿಮ್ಮ ಕುಂಡದಲ್ಲಿರುವುದು ಎರಡು ಗಿಡ. ಮೇಲಿನ ಕೆಂಪು ತಲೆಯಲ್ಲಿ ಹಸಿರು ಇಲ್ಲ, ಅದು ತಾನಾಗಿ ಆಹಾರ ಮಾಡಿಕೊಳ್ಳಲಾರದು. ಡ್ರ್ಯಾಗನ್ ಹಣ್ಣಿನ ಜಾತಿಯ ಕಾಂಡಕ್ಕೆ ಕಸಿ ಕಟ್ಟಿರುತ್ತಾರೆ, ಆ ಕಾಂಡವೇ ಸಾಕುತ್ತದೆ. ಚಿಗುರು ಬೆಳೆಸಿದರೆ ತಲೆಗೆ ಪಾಲು ಕಡಿಮೆಯಾಗುತ್ತದೆ. ಈ ಜೋಡಿ ಸಾಮಾನ್ಯವಾಗಿ ಕೆಲವೇ ವರ್ಷ ಬಾಳುತ್ತದೆ. ತಲೆಯ ಸುತ್ತ ಕೆಂಪು ಮರಿಗಳು ಬಂದರೆ ಒಂದನ್ನು ಬಿಡಿಸಿ, ಹೊಸ ಡ್ರ್ಯಾಗನ್ ಕಾಂಡಕ್ಕೆ ಕಸಿ ಕಟ್ಟಿ. ನೆಲಕ್ಕೆ ನೆಟ್ಟರೆ ಅದು ಬದುಕುವುದಿಲ್ಲ.