ನರ್ತಕಿ ಎತ್ತ ತಿರುಗಿದರೂ ಅದು ಬುದ್ಧಿಯ ಅಳತೆಯಲ್ಲ

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಬಂದ ತಿರುಗುವ ನರ್ತಕಿಯ ಚಿತ್ರ ನನಗೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿಯೂ ಮಗನಿಗೆ ಅದರ ವಿರುದ್ಧವಾಗಿಯೂ ತಿರುಗುತ್ತದೆ. ಅವನ ಬಲಮಿದುಳು ಮಂದವಾಗಿದೆ, ಅದಕ್ಕೇ ಗಣಿತ ಹತ್ತುತ್ತಿಲ್ಲ ಎಂದು ತರಬೇತಿ ಕೇಂದ್ರವೊಂದರವರು ಹೇಳುತ್ತಾರೆ. ಸೇರಿಸಬಹುದೇ?

ಉತ್ತರ: ಬೇಡ. ಇದೇ ಪ್ರಶ್ನೆ ಪದೇಪದೇ ಬರುತ್ತಿರುವುದರಿಂದ ಈ ಬಾರಿ ವಿವರವಾಗಿ ಬರೆಯುತ್ತೇನೆ. ಇನ್ನು ಮುಂದೆ ಬರೆಯಲಾರೆ.

ಜಪಾನಿನ ವಿನ್ಯಾಸಕಾರ ನೊಬುಯುಕಿ ಕಾಯಾಹಾರಾ 2003ರಲ್ಲಿ ರಚಿಸಿದ ಈ ಚಿತ್ರಕ್ಕೆ ಮಿದುಳಿನ ಪರೀಕ್ಷೆಯೆಂಬ ಹಣೆಪಟ್ಟಿಯನ್ನು ಅಂಟಿಸಿದವರು ಆಮೇಲೆ ಬಂದವರು. ನರ್ತಕಿ ಬರೀ ಕಪ್ಪು ಆಕೃತಿ. ಆಕೆಯ ಚಾಚಿದ ಕಾಲು ಬಲದಿಂದ ಎಡಕ್ಕೆ ಸಾಗುವಾಗ ಗಮನಿಸಿ: ಕಾಲು ನಮ್ಮ ಕಡೆಗಿದೆ ಎಂದುಕೊಂಡರೆ ಆಕೆ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತಿದ್ದಾಳೆ, ಆಚೆ ಕಡೆಗಿದೆ ಎಂದುಕೊಂಡರೆ ಅದರ ವಿರುದ್ಧ. ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಸಬೇಕಾದ ಮುಖದ ಗೆರೆಗಳಾಗಲಿ, ಮೈಮೇಲಿನ ಬೆಳಕಾಗಲಿ ಚಿತ್ರದಲ್ಲಿ ಇಲ್ಲ. ಮುಸ್ಸಂಜೆಯಲ್ಲಿ ಕಪ್ಪಗೆ ಕಾಣುವ ಗಾಳಿಯಂತ್ರದ ರೆಕ್ಕೆಗಳು ಹೀಗೆಯೇ ದಿಕ್ಕು ಬದಲಿಸಿದಂತೆ ತೋರುತ್ತವೆಂದು ಜರ್ಮನಿಯ ವಿಜ್ಞಾನಿ ಸಿನ್‌ಸ್ಟೆಡೆನ್ 1860ರಲ್ಲೇ ಬರೆದಿದ್ದರು.

ಒಂದೇ ದೃಶ್ಯಕ್ಕೆ ಎರಡು ಅರ್ಥಗಳು ಸಮನಾಗಿ ಒಗ್ಗುವಾಗ ಮಿದುಳು ಅವೆರಡನ್ನೂ ಬೆರೆಸುವುದಿಲ್ಲ. ಒಂದನ್ನು ಆರಿಸಿಕೊಂಡು, ಅದರಲ್ಲಿ ಸಂಶಯವೇ ಇಲ್ಲವೆಂಬಂತೆ ನಮ್ಮ ಮುಂದಿಡುತ್ತದೆ. ಆ ಆಯ್ಕೆಯಲ್ಲಿ ರೂಢಿಯ ಪಾತ್ರ ದೊಡ್ಡದು. ನರ್ತಕಿಯನ್ನು ತುಸು ಮೇಲಿನಿಂದ ನೋಡುತ್ತಿದ್ದೇವೆ ಎಂದುಕೊಂಡರೆ ಗಡಿಯಾರದ ದಿಕ್ಕು ಹೊಂದುತ್ತದೆ, ಕೆಳಗಿನಿಂದ ಎಂದುಕೊಂಡರೆ ವಿರುದ್ಧ ದಿಕ್ಕು ಹೊಂದುತ್ತದೆ. ಬಹುಮಂದಿಗೆ ಮೊದಲಿನದೇ ಕಾಣುವುದು ವಸ್ತುಗಳನ್ನು ಮೇಲಿನಿಂದ ಕಂಡಂತೆ ಭಾವಿಸುವ ಈ ಒಲವಿನಿಂದಲೇ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನೋಡುತ್ತ ಕುಳಿತರೆ, ಗೆದ್ದ ಅರ್ಥವನ್ನು ಎತ್ತಿಹಿಡಿದ ನರಕೋಶಗಳು ಬಳಲಿ, ಸೋತ ಅರ್ಥ ಮೇಲೇಳುತ್ತದೆ.

ಚಲನೆಯನ್ನು ಗುರುತಿಸುವಲ್ಲಿ ಮಿದುಳಿನ ಎಂಟಿ ಎಂಬ ಭಾಗ ಮುಖ್ಯವಾದುದು. ಹೀಗೆಯೇ ಎರಡು ಬಗೆಯಾಗಿ ಕಾಣಬಲ್ಲ, ಚುಕ್ಕೆಗಳಿಂದಾದ ತಿರುಗುವ ಸಿಲಿಂಡರನ್ನು ಮಂಗಗಳಿಗೆ ತೋರಿಸಿದ 1998ರ ಪ್ರಯೋಗದಲ್ಲಿ, ತೆರೆಯ ಮೇಲಿನ ಚಿತ್ರ ಬದಲಾಗದಿದ್ದರೂ ಅಲ್ಲಿನ ಅನೇಕ ನರಕೋಶಗಳ ಚಟುವಟಿಕೆ ಮಂಗ ಕಂಡ ದಿಕ್ಕಿಗೆ ತಕ್ಕಂತೆ ಬದಲಾಯಿತು. ಈ ಭಾಗ ಎಡಗೋಳದಲ್ಲಿಯೂ ಇದೆ, ಬಲಗೋಳದಲ್ಲಿಯೂ ಇದೆ. ಬಲಮಿದುಳಿನ ಕಥೆ ಇಲ್ಲಿಗೇ ಮುಗಿಯಬೇಕು.

ಮುಗಿಯದಿದ್ದರೆ, ನರ್ತಕಿಯ ಮೈಯನ್ನು ಅಂಗೈಯಿಂದ ಮರೆಮಾಡಿ, ಕೆಳಗಿನ ಪಾದವನ್ನಷ್ಟೇ ಸ್ವಲ್ಪ ಹೊತ್ತು ನೋಡಿ ಕೈ ತೆಗೆಯಿರಿ. ಅನೇಕರಿಗೆ ದಿಕ್ಕು ಬದಲಾಗಿರುತ್ತದೆ. ಅಷ್ಟರಲ್ಲೇ ಬುದ್ಧಿ ಎಡದಿಂದ ಬಲಕ್ಕೆ ವರ್ಗವಾಯಿತೆಂದು ಕೇಂದ್ರದವರು ರಸೀದಿ ಬರೆದುಕೊಡುವರೇ? ಮಿಡ್‌ಬ್ರೈನ್ ಆಕ್ಟಿವೇಶನ್ (ನಡುಮಿದುಳನ್ನು ಚುರುಕುಗೊಳಿಸುವುದು) ಎಂದು ಮಕ್ಕಳ ಕಣ್ಣಿಗೆ ಪಟ್ಟಿ ಕಟ್ಟಿ, ಮೂಗಿನ ಪಕ್ಕದ ಸಂದಿಯಿಂದ ಇಣುಕಿಸಿ ಓದಿಸುವವರಿಗೂ ಇವರಿಗೂ ನಾನು ವ್ಯತ್ಯಾಸ ಕಾಣೆ. ಹುಡುಗನ ಗಣಿತದ ಮೇಷ್ಟರನ್ನು ಭೇಟಿ ಮಾಡಿ. ಕಪ್ಪುಹಲಗೆ ಅವನಿಗೆ ಸರಿಯಾಗಿ ಕಾಣುತ್ತದೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಟ್ಯೂಬ್‌ಲೈಟಿನ ಬೆಳಕಿನಲ್ಲಿ ಫ್ಯಾನ್ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ಕಣ್ಣಿನ ದೋಷವೇ?

ಉತ್ತರ: ಅಲ್ಲ, ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಬಗೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ; ಒಂದು ಮಿನುಗಿನಲ್ಲಿ ರೆಕ್ಕೆಯಿದ್ದ ಜಾಗಕ್ಕಿಂತ ತುಸು ಹಿಂದೆ ಮುಂದಿನ ಮಿನುಗುಗಳಲ್ಲಿ ಇನ್ನೊಂದು ರೆಕ್ಕೆ ಕಂಡರೆ ಫ್ಯಾನ್ ಹಿಂದಕ್ಕೆ ತಿರುಗಿದಂತೆ ತೋರುತ್ತದೆ, ಅಷ್ಟೆ.

ಪ್ರಶ್ನೆ: ನರ್ತಕಿ ನನಗೆ ಎಂದೂ ದಿಕ್ಕು ಬದಲಿಸುವುದಿಲ್ಲ. ಚಿಕಿತ್ಸೆ ಇದೆಯೇ?

ಉತ್ತರ: ಕಾಯಿಲೆಯಿದ್ದರೆ ತಾನೇ ಚಿಕಿತ್ಸೆ.

ಪ್ರಶ್ನೆ: ಕೆಲವು ದಿನಗಳಿಂದ ರಸ್ತೆಯ ವಾಹನಗಳು ಚಲಿಸದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿದಂತೆ ಕಾಣುತ್ತವೆ. ಇದೂ ಭ್ರಮೆಯೇ?

ಉತ್ತರ: ಇದನ್ನು ನರ್ತಕಿಯ ಸಾಲಿಗೆ ಸೇರಿಸಬೇಡಿ. ಮಿದುಳಿನ ಎರಡೂ ಬದಿಗೆ ಹಾನಿಯಾಗಿ ಚಲನೆಯನ್ನು ಕಾಣುವ ಶಕ್ತಿಯನ್ನೇ ಕಳೆದುಕೊಂಡ ಮಹಿಳೆಯೊಬ್ಬರ ವಿವರ 1983ರಲ್ಲಿ ಜರ್ಮನಿಯಿಂದ ಪ್ರಕಟವಾಯಿತು. ಲೋಟಕ್ಕೆ ಬಗ್ಗಿಸುವ ಚಹಾ ಅವರಿಗೆ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು. ನಿಮಗಿರುವುದೂ ಅದೇ ಎನ್ನುತ್ತಿಲ್ಲ, ಆದರೆ ಪತ್ರ ಬರೆದು ಕಾಯುವ ವಿಷಯವೂ ಇದಲ್ಲ. ಈ ದಿನವೇ ನರರೋಗ ತಜ್ಞರನ್ನು ಕಾಣಿ, ಅಲ್ಲಿಗೆ ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ.